ಎಲ್ಲ ಸೀರೆಗೂ ಒಂದೇ ವಿಳಾಸ: ಬುಕ್‌ಮಾರ್ಕ್ ಕೆಲಸಕ್ಕೆ ಬರುತ್ತಿಲ್ಲ, ಗೂಗಲ್‌ನಲ್ಲೂ ಸಿಗುತ್ತಿಲ್ಲ

ಕೋಟೆ_ಕಿಂಡಿ (ಚಿತ್ರದುರ್ಗ):

ಎಲ್ಲರಿಗೂ ನಮಸ್ಕಾರ. ಮೊಳಕಾಲ್ಮೂರು ಸೀರೆ ಮಾರುವ ನಮ್ಮ ಮಾವನವರ ಅಂಗಡಿಗೆ ಒಂದು ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಸೀರೆಯ ಚಿತ್ರ ಒತ್ತಿದರೆ ಜಾವಾಸ್ಕ್ರಿಪ್ಟ್ ವಿವರ ತಂದು ಅದೇ ಪುಟದಲ್ಲಿ ತೋರಿಸುತ್ತದೆ. ಅಂಚು, ಬಣ್ಣ, ಬೆಲೆ ಆರಿಸಿಕೊಳ್ಳುವುದೂ ಹಾಗೆಯೇ. ಚುರುಕಾಗಿಯೇ ಓಡುತ್ತಿದೆ, ಆದರೆ ಬ್ರೌಸರ್‌ನಲ್ಲಿ ಕಾಣುವ ವಿಳಾಸ ಮಾತ್ರ ಬದಲಾಗುವುದಿಲ್ಲ. ದಾವಣಗೆರೆಯ ಗಿರಾಕಿಯೊಬ್ಬರು ನವಿಲು ಬಣ್ಣದ ಸೀರೆ ಮೆಚ್ಚಿ ತಂಗಿಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರು. ತಂಗಿಗೆ ತೆರೆದುಕೊಂಡದ್ದು ಮುಖಪುಟ. ಬುಕ್‌ಮಾರ್ಕ್ ಮಾಡಿದವರಿಗೂ ಅದೇ ಗತಿ. ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ಅಂಗಡಿಯಿಂದಲೇ ಹೊರಗೆ! ಗೂಗಲ್‌ನಲ್ಲಿ ಹುಡುಕಿದರೆ ನಮ್ಮದು ಒಂದೇ ಪುಟ. ವಿಳಾಸದ ಕೊನೆಗೆ #! ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹೌದೇ?

ಮಂಡಕ್ಕಿ_ಮಿರ್ಚಿ (ದಾವಣಗೆರೆ):

ಬೇಡ ಸರ್, ಆ ದಾರಿ ಹಿಡಿಯಬೇಡಿ. ಜಾವಾಸ್ಕ್ರಿಪ್ಟ್ ಪುಟಗಳು ಹುಡುಕಾಟದಲ್ಲಿ ಸಿಗಲೆಂದು ಮಾಡಿದ ಈ #! ಪದ್ಧತಿಯನ್ನು ಗೂಗಲ್ 2009ರಲ್ಲಿ ತಾನೇ ಮುಂದಿಟ್ಟು 2015ರಲ್ಲಿ ತಾನೇ ಕೈಬಿಟ್ಟಿತು. ಇಂದಿಗೂ ಹಳೆಯ ಪಾಠಗಳಲ್ಲಿ ಅದು ಉಳಿದುಕೊಂಡಿದೆ, ನಿಮ್ಮ ಪರಿಚಿತರು ಅಲ್ಲೇ ಓದಿರಬೇಕು.

ವಿಳಾಸದಲ್ಲಿ # ನಂತರ ಬರುವ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. ಲಕೋಟೆಯ ಮೇಲೆ ಊರಿನ ಹೆಸರು ಬರೆದು, ಮನೆ ಸಂಖ್ಯೆಯನ್ನು ಒಳಗಿನ ಚೀಟಿಯಲ್ಲಿ ಇಟ್ಟಂತೆ. ಯಾವ ಸೀರೆ ಬೇಕೆಂದು ಸರ್ವರ್‌ಗೆ ತಿಳಿಯದ ಮೇಲೆ ಅದು ಕೊಡುವುದು ಮುಖಪುಟವನ್ನೇ.

ಪ್ರತಿ ಸೀರೆಗೂ /ಸೀರೆ/114 ರೀತಿಯ ಸ್ವಂತ ವಿಳಾಸ ಕೊಡಿ. ಚಿತ್ರ ಒತ್ತಿದಾಗ ಹಿಸ್ಟರಿ ಎಪಿಐಯ (ಬ್ರೌಸರ್‌ನ ಓಡಾಟದ ದಾಖಲೆ ನಡೆಸುವ ಸೌಲಭ್ಯ) ಪುಶ್‌ಸ್ಟೇಟ್ ಎಂಬ, ದಾಖಲೆಗೆ ಹೊಸ ವಿಳಾಸ ಸೇರಿಸುವ ಆಜ್ಞೆ ಕರೆದರೆ ಪುಟ ಮತ್ತೆ ಲೋಡ್ ಆಗದೆ ವಿಳಾಸ ಬದಲಾಗುತ್ತದೆ. ಹಿಂದಕ್ಕೆ ಒತ್ತಿದಾಗ ಪಾಪ್‌ಸ್ಟೇಟ್ ಘಟನೆ ಬರುತ್ತದೆ, ಅದನ್ನು ಹಿಡಿದು ಹಿಂದಿನ ಸೀರೆಯನ್ನು ನೀವೇ ತೋರಿಸಬೇಕು. ಬೆಲೆಯ ಪಟ್ಟಿಯನ್ನು ಆಚೀಚೆ ಎಳೆಯುವಂಥ ಸಣ್ಣಪುಟ್ಟ ಬದಲಾವಣೆಗೆ ಪುಶ್‌ಸ್ಟೇಟ್ ಬೇಡ, ಹೊಸದು ಸೇರಿಸದೆ ಈಗಿನ ವಿಳಾಸವನ್ನೇ ತಿದ್ದುವ ರಿಪ್ಲೇಸ್‌ಸ್ಟೇಟ್ ಸಾಕು. ಇಲ್ಲದಿದ್ದರೆ ಗಿರಾಕಿ ಹಿಂದಕ್ಕೆ ಒತ್ತಿ ಒತ್ತಿ ಸುಸ್ತಾಗುತ್ತಾರೆ.

ಇನ್ನೊಂದು ಮಾತು. ಸೀರೆಯ ಚಿತ್ರಗಳಿಗೆ ಬರೀ ಆನ್‌ಕ್ಲಿಕ್ (ಒತ್ತಿದಾಗ ಓಡುವ ಜಾವಾಸ್ಕ್ರಿಪ್ಟ್) ಕಟ್ಟಿದ್ದೀರಾ? ಹಾಗಿದ್ದರೆ ಗೂಗಲ್‌ಗೆ ದಾರಿಯೇ ಕಾಣುವುದಿಲ್ಲ. ಅದು ಹಿಂಬಾಲಿಸುವುದು ಎಚ್‌ರೆಫ್ (ಹೋಗಬೇಕಾದ ವಿಳಾಸ) ಇರುವ ನಿಜವಾದ ಆ್ಯಂಕರ್ ಟ್ಯಾಗನ್ನು, ಅಂದರೆ ಲಿಂಕನ್ನು ಮಾತ್ರ.

ಕೋಟೆ_ಕಿಂಡಿ:

ಹೌದು, ಎಲ್ಲವೂ ಆನ್‌ಕ್ಲಿಕ್ ಆಗಿತ್ತು. ಆ್ಯಂಕರ್ ಹಾಕಿ ಪುಶ್‌ಸ್ಟೇಟ್ ಸೇರಿಸಿದೆ. ಒಳಗಿಂದ ಓಡಾಡಿದರೆ ವಿಳಾಸ ಸರಿಯಾಗಿ ಬದಲಾಗುತ್ತಿದೆ. ಆದರೆ /ಸೀರೆ/114ರಲ್ಲಿದ್ದಾಗ ರಿಫ್ರೆಶ್ ಮಾಡಿದರೆ 404 (ಪುಟ ಸಿಗಲಿಲ್ಲ) ಬರುತ್ತದೆ. ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್.

ಚಂದ್ರವಳ್ಳಿ_ಕೆರೆ (ಚಿತ್ರದುರ್ಗ):

ಬರಲೇಬೇಕು. ಆ ಹೆಸರಿನ ಫೈಲ್ ಸರ್ವರ್‌ನಲ್ಲಿ ಇಲ್ಲವಲ್ಲ! ಟ್ರೈ‌ ಫೈಲ್ಸ್ (try_files) ಎಂಬ ಸೆಟ್ಟಿಂಗ್ ಸಾಲಿನಲ್ಲಿ, ಫೈಲ್ ಸಿಗದಿದ್ದರೆ ಇಂಡೆಕ್ಸ್ ಪುಟ ಕೊಡು ಎಂದು ಬರೆದರೆ 404 ನಿಲ್ಲುತ್ತದೆ. ಹೆಚ್ಚಿನವರು ಅಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಅರೆಬರೆ ಕೆಲಸ ಎನ್ನಿಸುತ್ತದೆ, ಎರಡು ಕಾರಣಕ್ಕೆ. /ಸೀರೆ/99999 ಎಂಬ ಇಲ್ಲದ ಸೀರೆಗೂ ಸರ್ವರ್ ಈಗ 200 (ಪುಟ ಇದೆ) ಎಂದು ಉತ್ತರಿಸುತ್ತದೆ, ಗೂಗಲ್ ಇದನ್ನು ಸಾಫ್ಟ್ 404 (ಇದೆ ಎಂದರೂ ನಿಜವಾಗಿ ಇಲ್ಲದ ಪುಟ) ಎಂದು ಗುರುತು ಹಾಕುತ್ತದೆ. ನಿಮಗೆ ಹೆಚ್ಚು ಮುಖ್ಯವಾದದ್ದು ಎರಡನೆಯದು: ಗೂಗಲ್ ಜಾವಾಸ್ಕ್ರಿಪ್ಟ್ ಓಡಿಸಿ ನೋಡುತ್ತದೆ, ವಾಟ್ಸ್‌ಆ್ಯಪ್‌ನ ಮುನ್ನೋಟ ಹಾಗೆ ಮಾಡುವುದಿಲ್ಲ. ಯಾವ ಸೀರೆಯ ಲಿಂಕ್ ಕಳಿಸಿದರೂ ಅಂಗಡಿಯ ಲೋಗೋ ಮಾತ್ರ ಬರುತ್ತದೆ.

ಆದ್ದರಿಂದ ಸೀರೆಯ ಹೆಸರು, ವಿವರ, ಓಪನ್ ಗ್ರಾಫ್ ಚಿತ್ರ (ಲಿಂಕ್‌ನ ಮುನ್ನೋಟದಲ್ಲಿ ಕಾಣುವ ಚಿತ್ರ), ಇಷ್ಟನ್ನಾದರೂ ಸರ್ವರ್‌ನಲ್ಲೇ ತುಂಬಿ ಕಳಿಸಿ. ಪಟ್ಟಿ ಡೇಟಾಬೇಸ್‌ನಲ್ಲಿ ಹೇಗೂ ಇದೆ, ಚಿಕ್ಕದೊಂದು ಟೆಂಪ್ಲೇಟ್ ಸಾಕು. ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಜವಾದ 404 ಕೊಡಿ.

ಅಡಿಕೆ_ತೋಟ (ಹೊಳಲ್ಕೆರೆ):

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ತಾಣದಲ್ಲಿ # ಇರುವ ಲಿಂಕ್‌ಗಳು ಆಗಲೇ ಊರೆಲ್ಲ ಹರಡಿವೆ. 301 (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸರ್ವರ್ ಉತ್ತರ) ಹಾಕಿ ಹೊಸ ವಿಳಾಸಕ್ಕೆ ತಿರುಗಿಸಬಹುದೇ?

ಮಂಡಕ್ಕಿ_ಮಿರ್ಚಿ:

ಆಗದು. # ಭಾಗ ಸರ್ವರ್‌ಗೆ ತಲುಪಿದರೆ ತಾನೇ ಅದು ತಿರುಗಿಸುವುದು! ಮುಖಪುಟದಲ್ಲಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಇಟ್ಟು, # ನಂತರದ ಭಾಗ ಓದಿ, ಲೊಕೇಶನ್ ರಿಪ್ಲೇಸ್‌ನಿಂದ ಹೊಸ ವಿಳಾಸಕ್ಕೆ ಕಳಿಸಿ. ಆ ಸ್ಕ್ರಿಪ್ಟನ್ನು ಮುಂದೆಯೂ ತೆಗೆಯಬೇಡಿ.

ಕೋಟೆ_ಕಿಂಡಿ:

ಟೆಂಪ್ಲೇಟ್ ಹಾಕಿದೆ. ವಾಟ್ಸ್‌ಆ್ಯಪ್‌ನಲ್ಲಿ ಈಗ ಸೀರೆಯ ಚಿತ್ರವೇ ಬರುತ್ತಿದೆ, ಮಾವನವರಿಗೆ ಬಹಳ ಖುಷಿ. ಉಳಿದದ್ದು ಎರಡು ಪ್ರಶ್ನೆ. ವಿಳಾಸ ಕನ್ನಡದಲ್ಲೇ ಇರಲಿ ಎನ್ನುತ್ತಾರೆ ಅವರು. ಮತ್ತೆ, ಬಣ್ಣ, ಅಂಚು, ಬೆಲೆ ಸೇರಿ ಲೆಕ್ಕವಿಲ್ಲದಷ್ಟು ವಿಳಾಸಗಳು ಹುಟ್ಟುತ್ತಿವೆ. ಗೂಗಲ್ ಗೊಂದಲಕ್ಕೆ ಬೀಳುವುದಿಲ್ಲವೇ?

ಚಂದ್ರವಳ್ಳಿ_ಕೆರೆ:

ಕನ್ನಡ ವಿಳಾಸಕ್ಕೆ ಗೂಗಲ್‌ನದೇನೂ ತಕರಾರಿಲ್ಲ. ತೊಡಕು ನಕಲು ಮಾಡಿ ಅಂಟಿಸುವಾಗ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಪ್ರತಿ ಬೈಟ್‌ಗೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ‘ಸೀರೆ’ಯಲ್ಲಿ ಗುಣಿತದ ಚಿಹ್ನೆಗಳೂ ಸೇರಿ ನಾಲ್ಕು ಸಂಕೇತ, ಅಂದರೆ 36 ಅಕ್ಷರಗಳ ಬಾಲ. ಗಿರಾಕಿಗಳು ಅದನ್ನು ನೋಡಿ ವೈರಸ್ ಲಿಂಕ್ ಎಂದುಕೊಂಡಾರು. ಕನ್ನಡ ಪದ ಚಿಕ್ಕದಾಗಿರಲಿ, ಸೀರೆಯ ಉದ್ದನೆಯ ಹೆಸರನ್ನು ಶೀರ್ಷಿಕೆಯಲ್ಲಿ ಇಡಿ.

ಬಣ್ಣ, ಬೆಲೆಗಳನ್ನು ಪ್ರಶ್ನಾರ್ಥಕ ಚಿಹ್ನೆಯ ನಂತರ ಹಾಕಿ. ಬುಕ್‌ಮಾರ್ಕ್‌ಗೆ ಅದು ಬೇಕೇ ಬೇಕು. ಆದರೆ ಕ್ರಮ ಒಂದೇ ಇರಲಿ: ಒಮ್ಮೆ ಬಣ್ಣ ಮೊದಲು, ಇನ್ನೊಮ್ಮೆ ಬೆಲೆ ಮೊದಲು ಬಂದರೆ ಒಂದೇ ಪಟ್ಟಿಗೆ ಎರಡು ವಿಳಾಸವಾಗುತ್ತದೆ. ವಿಂಗಡಣೆಯ ಕ್ರಮ ಮಾತ್ರ ಬೇರೆಯಾದ ಪುಟಗಳಿಗೆ ಕ್ಯಾನಾನಿಕಲ್ ಟ್ಯಾಗ್ (ಅಸಲಿ ವಿಳಾಸ ಯಾವುದೆಂದು ಗೂಗಲ್‌ಗೆ ಹೇಳುವ ಗುರುತು) ಹಾಕಿ ಮೂಲ ಪಟ್ಟಿಯನ್ನು ತೋರಿಸಿ. ಸೈಟ್‌ಮ್ಯಾಪ್‌ನಲ್ಲಿ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ) ಸೀರೆಯ ಪುಟಗಳಿದ್ದರೆ ಸಾಕು.

ಕೋಟೆ_ಕಿಂಡಿ:

ಮಾರಾಟವಾಗಿ ಹೋದ ಸೀರೆಯ ಪುಟ ಅಳಿಸಲೇ?

ಚಂದ್ರವಳ್ಳಿ_ಕೆರೆ:

ಅದೇ ವಿನ್ಯಾಸವನ್ನು ಮತ್ತೆ ನೇಯಿಸುವುದಾದರೆ ‘ಸದ್ಯ ಇಲ್ಲ’ ಎಂದು ಬರೆದು ಪುಟ ಉಳಿಸಿ, ಕೆಳಗೆ ಅಂಥದ್ದೇ ಸೀರೆಗಳನ್ನು ತೋರಿಸಿ. ಇನ್ನು ಬರುವುದೇ ಇಲ್ಲವೆಂದಾದರೆ 410 (ಶಾಶ್ವತವಾಗಿ ತೆಗೆಯಲಾಗಿದೆ) ಕೊಡಿ. ಮುಖಪುಟಕ್ಕೆ ಮಾತ್ರ ತಿರುಗಿಸಬೇಡಿ.