ಥೈಮಸ್ ಪ್ರೋಗ್ರಾಂ: ದೇಹದ ಮೇಲೆ ಎರಗುವ ಟಿ ಕೋಶ ಒಂದೂ ಉಳಿಯುತ್ತಿಲ್ಲ, ಎಲ್ಲಿ ತಪ್ಪಿದ್ದೇನೆ?

ಗುಮ್ಮಟದೂರು (ವಿಜಯಪುರ):
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಒಂಬತ್ತನೇ ವಯಸ್ಸಿಗೇ ಟೈಪ್ 1 ಸಕ್ಕರೆ ಕಾಯಿಲೆ ಬಂತು. ರೋಗಾಣುಗಳ ಜೊತೆ ಹೋರಾಡಬೇಕಾದ ಅವನವೇ ಟಿ ಕೋಶಗಳು ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಂದಿವೆ ಅಂತ ಡಾಕ್ಟರ್ ಹೇಳಿದರು. ಅದು ಹೇಗೆ ಅಂತ ತಿಳಿಯಲು ಪೈಥಾನ್ ಪ್ರೋಗ್ರಾಂನಲ್ಲಿ ಸಣ್ಣದೊಂದು ಥೈಮಸ್ ಬರೆದೆ. ಥೈಮಸ್ ಅಂದ್ರೆ ಎದೆಯೊಳಗಿನ ಅಂಗ, ಟಿ ಕೋಶ ಬಲಿತು ಪರೀಕ್ಷೆಗೆ ಒಳಗಾಗುವುದು ಅಲ್ಲೇ. 10,000 ಟಿ ಕೋಶ, ದೇಹದ 500 ಪ್ರೋಟೀನ್ ತುಣುಕು. ಯಾವ ತುಣುಕಿಗಾದರೂ ಗಟ್ಟಿಯಾಗಿ ಅಂಟಿದ ಕೋಶ ಸಾಯುತ್ತದೆ. ಎಷ್ಟು ಸಲ ಓಡಿಸಿದರೂ ಎರಗುವ ಕೋಶ ಸೊನ್ನೆ. ಎಷ್ಟು ಅಂಟಿದರೆ ಸಾಯಬೇಕು ಎಂಬ ಮಿತಿ ಇನ್ನೂ ಬಿಗಿ ಮಾಡಿದರೆ ಒಳ್ಳೆಯ ಕೋಶಗಳೂ ಉಳಿಯಲ್ಲ. ಹಾಗಾದ್ರೆ ತಮ್ಮನಿಗೆ ಬಂದದ್ದು ಹೇಗೆ?

ಮಲಪ್ರಭಾ (ಬೆಳಗಾವಿ):
ತಮ್ಮಾ, ಕೋಡ್ ಓದಿದೆ. ತೊಂದರೆ ಒಳಗಿನ ಲೂಪ್‌ನಲ್ಲಿದೆ. ಪ್ರತಿ ಕೋಶಕ್ಕೂ 500 ತುಣುಕನ್ನೂ ತೋರಿಸುತ್ತಿದ್ದೀಯ. ನಿಜವಾದ ಥೈಮಸ್ ಹಾಗೆ ಮಾಡಲ್ಲ. ಬೇರೆ ಬೇರೆ ಅಂಗಗಳ ಪ್ರೋಟೀನನ್ನು ಅಲ್ಲಿ ತೋರಿಸುವಂತೆ ಮಾಡುವುದು ಎಐಆರ್‌ಇ ಎಂಬ ಜೀನ್. ಆದರೆ ಅಂಥ ಒಂದೊಂದು ಪ್ರೋಟೀನನ್ನು ತೋರಿಸುವುದು ಥೈಮಸ್‌ನ ಅಂಥ ತೋರಿಸುವ ಕೋಶಗಳಲ್ಲಿ ನೂರಕ್ಕೆ ಒಂದರಿಂದ ಮೂರು ಮಾತ್ರ. ಟಿ ಕೋಶ ಆ ಭಾಗದಲ್ಲಿ ಇರುವುದು ಕೆಲವೇ ದಿನ. ಅಷ್ಟರಲ್ಲಿ ಎದುರಾಗದ ತುಣುಕಿನ ಪರೀಕ್ಷೆ ನಡೆಯುವುದೇ ಇಲ್ಲ.

ಅವ್ವ ಮೊರದಲ್ಲಿ ಜೋಳ ಹಸನು ಮಾಡುವುದನ್ನು ನೋಡಿದ್ದೀಯಲ್ಲಾ. ಜೋಳದ ಬಣ್ಣದ್ದೇ ಹರಳು ಕಣ್ಣು ತಪ್ಪಿಸಿ ಹೋಗುತ್ತದೆ. ಅನುಮಾನ ಬಂದದ್ದನ್ನೆಲ್ಲ ಚೆಲ್ಲಿದರೆ ರೊಟ್ಟಿಗೆ ಜೋಳವೇ ಇರಲ್ಲ. ನೀನು ಮಿತಿ ಬಿಗಿ ಮಾಡಿದಾಗ ಆದದ್ದೂ ಅದೇ. ದೇಹದ ತುಣುಕಿಗೆ ಅಲ್ಪಸ್ವಲ್ಪವಾದರೂ ಅಂಟದ ಕೋಶ ಥೈಮಸ್‌ನಲ್ಲಿ ಬದುಕುವುದೇ ಇಲ್ಲ.

ಹಾಗಾಗಿ ಪ್ರತಿ ಕೋಶಕ್ಕೂ ಕೆಲವೇ ತುಣುಕು ಆರಿಸಿ ಕೊಡು. ಇನ್ಸುಲಿನ್ ತುಣುಕು ಸಿಗುವ ಸಾಧ್ಯತೆ ಇನ್ನೂ ಕಡಿಮೆ ಇಡು. ಇನ್ಸುಲಿನ್ ಜೀನ್ ಪಕ್ಕದಲ್ಲಿ ಮತ್ತೆ ಮತ್ತೆ ಬರುವ ಡಿಎನ್‌ಎ ತುಂಡು ಉದ್ದವಿದ್ದರೆ ಥೈಮಸ್‌ನಲ್ಲಿ ಇನ್ಸುಲಿನ್ ಜಾಸ್ತಿ ತಯಾರಾಗುತ್ತದೆ, ಅಂಥವರಿಗೆ ಟೈಪ್ 1 ಬರುವುದು ಕಡಿಮೆ. 1997ರಲ್ಲೇ ಇದು ಗೊತ್ತಾಗಿತ್ತು.

ಗುಮ್ಮಟದೂರು:
ಅಕ್ಕಾ, ಈಗ ಕೋಶ ತಪ್ಪಿಸಿಕೊಂಡು ಬರುತ್ತಿವೆ! ಆದ್ರೆ ಓಡಿಸಿದಾಗಲೆಲ್ಲ ಬೀಟಾ ಕೋಶ ಸಾಯುತ್ತಿವೆ. ನನಗೆ ಕಾಯಿಲೆ ಇಲ್ಲವಲ್ಲ?

ಬಾದಾಮಿ ಬಂಡೆ (ಬಾಗಲಕೋಟೆ):
ನಡುವೆ ಬಾಯಿ ಹಾಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ತಪ್ಪಿಸಿಕೊಂಡ ಕೋಶಗಳು ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಅವು ಸುಮ್ನೆ ಇರುವುದಕ್ಕೆ ಎರಡು ಕಾರಣ ಕೋಡ್‌ನಲ್ಲಿ ಬಿಟ್ಟುಹೋಗಿವೆ.

ಒಂದು, ಎರಡನೇ ಸಂಕೇತ. ತುಣುಕು ಸಿಕ್ಕರಷ್ಟೇ ಹೊಸ ಟಿ ಕೋಶ ಕೆರಳಲ್ಲ. ತುಣುಕು ತೋರಿಸುವ ಕೋಶ ಅಪಾಯದ ಗುರುತನ್ನೂ ತೋರಿಸಬೇಕು. ಇಲ್ಲದಿದ್ದರೆ ಟಿ ಕೋಶ ಮಂಕಾಗಿಬಿಡುತ್ತದೆ.

ಇನ್ನೊಂದು, ಎರಗುವ ಟಿ ಕೋಶಗಳನ್ನು ತಡೆದಿಡುವ ಹತೋಟಿಯ ಟಿ ಕೋಶಗಳು. ಇದೇ ದೊಡ್ಡದು. ಜಪಾನಿನ ವಿಜ್ಞಾನಿ ಶಿಮೋನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. ಇವನ್ನು ರೂಪಿಸುವುದು ಫಾಕ್ಸ್‌ಪಿ3 ಜೀನ್. ಆ ಜೀನ್ ಕೆಟ್ಟ ಗಂಡು ಕೂಸುಗಳಿಗೆ ತಿಂಗಳುಗಳೊಳಗೇ ಟೈಪ್ 1 ಬರುವುದುಂಟು. ಈ ಕೆಲಸಕ್ಕೆ 2025ರ ವೈದ್ಯಕೀಯ ನೊಬೆಲ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ ಬಂತು. ಥೈಮಸ್‌ನಲ್ಲಿ ಗಟ್ಟಿಯಾಗಿ ಅಂಟಿದ ಕೋಶಗಳಲ್ಲಿ ಕೆಲವನ್ನು ಕೊಲ್ಲದೆ ಹತೋಟಿಯ ಕೋಶ ಮಾಡಿ ನೋಡಿ.

ಗುಮ್ಮಟದೂರು:
ಎರಡೂ ಸೇರಿಸಿದೆ ಸರ್. ಈಗ ಪ್ರತಿ ಸಲವೂ ಅದೇ ಕೋಡ್, ಅದೇ ಅಂಕಿ ಓಡಿಸಿದರೂ ಫಲ ಬೇರೆ ಬೇರೆ. ಹೆಚ್ಚಿನ ಸಲ ಬೀಟಾ ಕೋಶ ಉಳಿಯುತ್ತವೆ, ಆಗೊಮ್ಮೆ ಈಗೊಮ್ಮೆ ಸಾಯುತ್ತವೆ. ಸಿಹಿ ಜಾಸ್ತಿ ತಿನ್ನಿಸಿದೆನೇನೋ ಅಂತ ಅವ್ವ ಇಷ್ಟು ದಿನ ಕೊರಗುತ್ತಿದ್ದಳು. ನಿನ್ನೆ ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು, ಹರಳಿನ ಮಾತು ಹೇಳಿ ತೋರಿಸಿದೆ. ಬಹಳ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ, ಇನ್ನೊಮ್ಮೆ ಓಡಿಸು ಅಂದಳು.