ಎಸ್‌ಎಫ್‌ಟಿಪಿ ಕನೆಕ್ಟ್ ಆಗುತ್ತಿಲ್ಲ, ಯಾರಾದರೂ ಹೇಳಿ

ಹೊಸನಗರದ ಮಳೆ: ಮನೆಯಿಂದ ಶಿವಮೊಗ್ಗದ ಆಫೀಸಿನ ಲಿನಕ್ಸ್ ಸರ್ವರ್‌ಗೆ ತೋಟದ ಫೋಟೋಗಳ ಜಿಪ್ ಫೈಲ್ ಕಳಿಸಬೇಕು. ಪೋರ್ಟ್, ಅಂದರೆ ಸರ್ವರ್‌ನ ಬಾಗಿಲ ನಂಬರು, 2222 ಅಂತೆ. ದೂರದ ಕಂಪ್ಯೂಟರಿಗೆ ಭದ್ರವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಮೈನಸ್ ಚಿಕ್ಕ ಪಿ 2222 ಹಾಕಿದರೆ ಒಳಗೆ ಹೋಗುತ್ತೆ. ಫೈಲ್ ಕಳಿಸುವ ಎಸ್‌ಎಫ್‌ಟಿಪಿಯಲ್ಲಿ ಅದನ್ನೇ ಹೊಡೆದರೆ ಕನೆಕ್ಟೇ ಆಗಲ್ಲ. ಯಾಕೆ?

ಸಾಗರದ ಭಾವ: ಸುಮ್ನೆ ಯಾಕೆ ತಲೆಬಿಸಿ? ಫೈಲ್ ಕಳಿಸೋಕೆ ಹಳೇ ಎಫ್‌ಟಿಪಿ ಹಾಕಿಸಿ. ಹೆಸರು, ಪಾಸ್‌ವರ್ಡ್, ಪುಟ್, ಬೈ. ಮುಗೀತು.

ಕಟ್ಟೆ ಪುರಾಣ: ಹೌದು, ಪಾಸ್‌ವರ್ಡ್ ಕಥೆ "ಮುಗೀತು". ಎಫ್‌ಟಿಪಿ ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂಗಿದ ಹಾಗೆ ಕಳಿಸುತ್ತೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಅದನ್ನು ಕೈಬಿಟ್ಟಿವೆ. ಯಾವ ಕಾಲದಲ್ಲಿದ್ದೀರಿ?

ಸಾಗರದ ಭಾವ: "ಯಾವ ಕಾಲ" ಅಂದರೆ 1971. ಎಫ್‌ಟಿಪಿಯನ್ನು ಮೊದಲು ಬರೆದವರು ನಮ್ಮ ದೇಶದ ಅಭಯ್ ಭೂಷಣ್, ಕಾನ್ಪುರ ಐಐಟಿಯಲ್ಲಿ ಓದಿದವರು. ಸ್ವಲ್ಪ ಮರ್ಯಾದೆ ಇರಲಿ.

ಕಟ್ಟೆ ಪುರಾಣ: "ನಮ್ಮ ದೇಶದ" ಅಂತೀರಿ. ಬರೆದದ್ದು ಅಮೆರಿಕದ ಎಂಐಟಿಯಲ್ಲಿ ಕೂತು. ಅದನ್ನು ಯಾಕೆ ನುಂಗಿದಿರಿ?

ಸಾಗರದ ಭಾವ: ನಮ್ಮೂರ ಹುಡುಗರು ಬೆಂಗಳೂರಲ್ಲಿ "ಕೂತರೆ" ಮಲೆನಾಡಿನವರಲ್ವಾ?

ಕಟ್ಟೆ ಪುರಾಣ: ಊರಿನ ಮಾತು ಬಿಡಿ. 1995ರಲ್ಲಿ ಫಿನ್ಲೆಂಡಿನಲ್ಲಿ ನೆಟ್‌ವರ್ಕಿನಿಂದ ಪಾಸ್‌ವರ್ಡ್ ಕದ್ದರು, ಅದಕ್ಕೇ ಎಸ್‌ಎಸ್‌ಎಚ್ ಹುಟ್ಟಿದ್ದು.

ಸಾಗರದ ಭಾವ: ಫಿನ್ಲೆಂಡಿನವರದ್ದಾದರೆ ಊರು ಲೆಕ್ಕಕ್ಕೆ ಬರುತ್ತೆ, ನಮ್ಮವರದ್ದಾದರೆ "ಬಿಡಿ". ಭಲೇ!

ತುಂಗಾ ತೀರ: ಇಬ್ಬರೂ ನಿಲ್ಲಿಸಿ ಮಾರಾಯ್ರೆ. ಹೊಸನಗರದವರೇ, ಎಸ್‌ಎಫ್‌ಟಿಪಿ, ಫೈಲ್ ಕಾಪಿ ಮಾಡುವ ಎಸ್‌ಸಿಪಿ ಎರಡಕ್ಕೂ ಪೋರ್ಟ್ ಹೇಳುವುದು ದೊಡ್ಡ ಪಿ. ಅಲ್ಲಿ ಚಿಕ್ಕ ಪಿ ಅಂದರೆ ಫೈಲಿನ ಹಳೇ ತಾರೀಖು ಉಳಿಸು ಅಂತ. ಅದಕ್ಕೇ 2222 ಅನ್ನುವುದನ್ನೇ ಕಂಪ್ಯೂಟರ್ ಹೆಸರು ಅಂದುಕೊಂಡಿದೆ. ಇನ್ನು ಎಸ್‌ಎಫ್‌ಟಿಪಿಗೂ ಎಫ್‌ಟಿಪಿಗೂ ಸಂಬಂಧವೇ ಇಲ್ಲ, ಅದು ಓಡುವುದು ಎಸ್‌ಎಸ್‌ಎಚ್ ಮೇಲೆ.

ಸಾಗರದ ಭಾವ: "ಸಂಬಂಧವೇ ಇಲ್ಲ"? ಗೆಟ್, ಪುಟ್, ಎಲ್‌ಸಿಡಿ, ಬೈ ಕಮಾಂಡ್‌ಗಳೆಲ್ಲ ಯಾರ ಮನೆಯಿಂದ ಬಂದವು?

ತುಂಗಾ ತೀರ: ಕಡಿಮೆ ರೇಟಿನ ಗೊರಬಲು ಅಡಿಕೆಯನ್ನು ರಾಶಿ ಅಡಿಕೆಯ ಚೀಲಕ್ಕೆ ತುಂಬಿದರೆ ಮಂಡಿಯವರು ರಾಶಿ ರೇಟು ಕೊಡುತ್ತಾರಾ?

ಸಾಗರದ ಭಾವ: ನನ್ನ ಎಫ್‌ಟಿಪಿ ಗೊರಬಲಾ? ಮಾತು ನೋಡಿಕೊಂಡು ಆಡಿ.

ಹೊಸನಗರದ ಮಳೆ: ದೊಡ್ಡ ಪಿ ಹಾಕಿದೆ, ಆಯ್ತು! ಆದರೆ ಪಾಸ್‌ವರ್ಡ್ ಹೊಡೆದರೆ ಒಂದಕ್ಷರವೂ ಕಾಣುತ್ತಿಲ್ಲ. ಕೀಬೋರ್ಡ್ ಹಾಳಾಗಿದೆಯಾ?

ಕೊಟ್ಟೆ ಕಡುಬು: ಚುಕ್ಕೆ ಕೂಡ ಬರಲ್ಲ. ಪೂರ್ತಿ ಹೊಡೆದು ಎಂಟರ್ ಒತ್ತಿ. ಅಂದಹಾಗೆ, ಮೊದಲು ಸರ್ವರ್‌ನ ಗುರುತು, ಅಂದರೆ ಫಿಂಗರ್‌ಪ್ರಿಂಟ್ ತೋರಿಸಿ ಯೆಸ್ ಅಂತೀರಾ ಅಂತ ಕೇಳಿರುತ್ತೆ. ಆಫೀಸಿನವರ ಹತ್ತಿರ ಹೋಲಿಸಿ ನೋಡಿದಿರಾ?

ಹೊಸನಗರದ ಮಳೆ: ಇಲ್ಲ. ಯೆಸ್ ಹೊಡೆದೆ.

ಸಾಗರದ ಭಾವ: ಕಣ್ಣು ಮುಚ್ಚಿ "ಯೆಸ್" ಒತ್ತುವುದಾದರೆ ನನ್ನ ಎಫ್‌ಟಿಪಿ ಏನು ಪಾಪ ಮಾಡಿತ್ತು? ಕಟ್ಟೆಯವರೇ, ಈಗ ಮಾತಾಡಿ.

ಕಟ್ಟೆ ಪುರಾಣ: ಅವರು ಓದದಿದ್ದರೆ ಅದು ಎಸ್‌ಎಸ್‌ಎಚ್ ತಪ್ಪಾ?

ಹೊಸನಗರದ ಮಳೆ: ಕರೆಂಟ್ ಹೋಯ್ತು. ಅರವತ್ತು ಪರ್ಸೆಂಟ್‌ಗೆ ನಿಂತಿತ್ತು. ಮತ್ತೆ ಮೊದಲಿಂದಲಾ?

ತುಂಗಾ ತೀರ: ಬೇಡ. ಕರೆಂಟ್ ಬಂದ ಮೇಲೆ ಲಾಗಿನ್ ಆಗಿ ಪುಟ್ ಬದಲು ರೀಪುಟ್ ಹೊಡೆಯಿರಿ. ನಿಂತಲ್ಲಿಂದ ಹೋಗುತ್ತೆ.

ಸಾಗರದ ಭಾವ: "ನಿಂತಲ್ಲಿಂದ" ಕಳಿಸುವುದು ಎಫ್‌ಟಿಪಿಯಲ್ಲೂ ಇತ್ತು. ಅದನ್ನೂ ಬರೆದುಕೊಳ್ಳಿ.