ಸಹಾಯ ಬೇಕು: ಕೈಕ್ಯಾಡ್‌ನಲ್ಲಿ ಒಂದೇ ಶೀಟ್ ನಾಲ್ಕು ಸಲ, ಒಂದರಲ್ಲಿ ಮಾತ್ರ ಬದಲಾವಣೆ

ಎಲ್ಲರಿಗೂ ನಮಸ್ಕಾರ. ನಾಲ್ಕು ಕಡೆ ತಾಪಮಾನ ಅಳೆಯುವ ಬೋರ್ಡ್ ಒಂದನ್ನು ಕೈಕ್ಯಾಡ್‌ನಲ್ಲಿ (ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಸಾಫ್ಟ್‌ವೇರ್) ಮಾಡುತ್ತಿದ್ದೇನೆ. ಆಂಪ್ಲಿಫೈಯರ್ ಭಾಗವನ್ನು ಒಂದು ಹೈರಾರ್ಕಿಕಲ್ ಶೀಟ್ ಆಗಿ (ಮುಖ್ಯ ನಕ್ಷೆಯೊಳಗೆ ಸೇರಿಸುವ ಉಪನಕ್ಷೆ) ಬರೆದು, ಅದೇ ಫೈಲನ್ನು ನಾಲ್ಕು ಸಲ ಬಳಸಿದ್ದೇನೆ. ಒಂದು ಕಡೆ ತಿದ್ದಿದರೆ ನಾಲ್ಕೂ ಸರಿಯಾಗುತ್ತದೆ. ಈ ಅನುಕೂಲ ನನಗೆ ತುಂಬಾ ಇಷ್ಟ.

ಈಗ ತೊಡಕು ಬಂದಿದೆ. ಮೂರು ಚಾನೆಲ್‌ಗೆ (ಅಂದರೆ ಅಳೆಯುವ ಮೂರು ಕಡೆಗೆ) ಪಿಟಿ100 ತಾಪಮಾನ ಸೆನ್ಸರ್, ನಾಲ್ಕನೆಯದಕ್ಕೆ ಪಿಟಿ1000. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲನೆಯದರ ರೆಸಿಸ್ಟೆನ್ಸ್ 100 ಓಮ್, ಎರಡನೆಯದರದು 1000 ಓಮ್. ಹಾಗಾಗಿ ನಾಲ್ಕನೆಯದರ ಗೇನ್ ರೆಸಿಸ್ಟರ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚಬೇಕೆಂದು ನಿರ್ಧರಿಸುವ ರೆಸಿಸ್ಟರ್) ಬೇರೆ ಇರಲೇಬೇಕು. ಆದರೆ ಅಲ್ಲಿ ವ್ಯಾಲ್ಯೂ ಬದಲಿಸಿದರೆ ಉಳಿದ ಮೂರರಲ್ಲೂ ಬದಲಾಗುತ್ತದೆ. ರೆಸಿಸ್ಟರ್ ನಂಬರ್ ಮಾತ್ರ ಪ್ರತಿ ಚಾನೆಲ್‌ಗೂ ಬೇರೆ ಬೇರೆ. ಫೈಲ್ ಒಂದೇ ಅಲ್ವಾ, ಹಾಗಾಗುವುದು ಸಹಜವೇ.

ಫೈಲನ್ನು ಬೇರೆ ಹೆಸರಲ್ಲಿ ಕಾಪಿ ಮಾಡಬಹುದು. ಆದರೆ ಆಮೇಲೆ ಪ್ರತಿ ತಿದ್ದುಪಡಿಯನ್ನೂ ಎರಡು ಕಡೆ ಮಾಡಬೇಕು. ಒಂದು ಕಡೆ ಮರೆತರೆ ಬೋರ್ಡೇ ಹಾಳು, ಅದೇ ನನ್ನ ಭಯ.

ಶೀಟ್‌ಗೆ ಒಂದು ಫೀಲ್ಡ್ (ಹೆಸರಿಟ್ಟು ಮಾಹಿತಿ ತುಂಬುವ ಜಾಗ) ಸೇರಿಸಿ, ರೆಸಿಸ್ಟರ್‌ನ ವ್ಯಾಲ್ಯೂ ಜಾಗದಲ್ಲಿ ಆ ಫೀಲ್ಡಿನ ಹೆಸರು ಕೊಟ್ಟು ಯಾರಾದರೂ ಕೆಲಸ ಮಾಡಿದ್ದೀರಾ? ಬಿಡಿಭಾಗಗಳ ಪಟ್ಟಿಯಲ್ಲಿ ನಾಲ್ಕಕ್ಕೂ ಸರಿಯಾದ ವ್ಯಾಲ್ಯೂ ಬಂತಾ? ಅಥವಾ ಆ ರೆಸಿಸ್ಟರನ್ನು ಶೀಟ್‌ನಿಂದ ಹೊರಗೆ ತಂದು, ಎರಡು ಪಿನ್ ಮೂಲಕ ಜೋಡಿಸುವುದೇ ವಾಸಿನಾ? ವೈರ್ ಉದ್ದವಾದರೆ ನಾಯ್ಸ್ ಜಾಸ್ತಿ ಆಗುತ್ತದೇನೋ ಅಂತ ಹಿಂಜರಿಯುತ್ತಿದ್ದೇನೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.